ಅಪ್ಪನ ದನಿಗೆ ಯಾವ ಸಿಸ್ಟಮ್

ಕಲಬುರಗಿಯ ಡಾಕ್ಟರು ತಮ್ಮ ಕುತ್ತಿಗೆಯ ಮೇಲೆ ತಾವೇ ಬೆರಳಿಟ್ಟು, ಇಲ್ಲಿಂದ ಇಲ್ಲಿಯವರೆಗೆ ತೆಗೆಯಬೇಕಾಗುತ್ತದೆ ಎಂದು ತೋರಿಸಿದರು. ತೆಗೆಯುವುದು ಧ್ವನಿಪೆಟ್ಟಿಗೆಯನ್ನು. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ, ತಿಂಗಳ ಕೊನೆಗೆ ಬಂದು ದಾಖಲಾಗಿ ಎಂದರು. ಜಗದೇವಪ್ಪ ತಲೆಯಾಡಿಸಿದ. ಅಭ್ಯಾಸದ ಮೇಲೆ ತಂಬಾಕಿನ ಚೀಲಕ್ಕೆ ಕೈ ಹಾಕಲು ಹೋಗಿ, ಡಾಕ್ಟರ ಮುಖ ನೋಡಿ ಕೈ ಹಿಂದಕ್ಕೆ ತೆಗೆದ. ಹೆಂಡತಿ ಗುರುಶಾಂತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗಳು ವಿದ್ಯಾವತಿಗೆ ಮಾತ್ರ ಆ ಗಳಿಗೆಯಲ್ಲಿ ನೆನಪಾದದ್ದು ಮನೆಯಲ್ಲಿದ್ದ ತನ್ನ ಹಳೆಯ ಲ್ಯಾಪ್‌ಟಾಪು.

ಎಂಥ ಕಲ್ಲೆದೆಯ ಹುಡುಗಿ ಎಂದು ಬೈಯುವ ಮೊದಲು ಆ ದನಿ ಎಂಥದಿತ್ತು ಎಂಬುದನ್ನು ಕೇಳಿ. ಸರಸಂಬಾದಲ್ಲಿ ಸೋಮವಾರ ಸಂಜೆ ಜಗದೇವಪ್ಪ ತನ್ನ ಪಡಸಾಲೆಯಲ್ಲಿ ಏಕತಾರಿ ಹಿಡಿದು ತತ್ವಪದಕ್ಕೆ ಕೂತನೆಂದರೆ ಆಚೆ ಓಣಿಯವರು ಟಿವಿ ಸಣ್ಣ ಮಾಡುತ್ತಿದ್ದರು. ಅಮಾವಾಸ್ಯೆಗೆ ಘತ್ತರಗಿಗೆ ಹೋದರೆ, ದೇವಿಯ ದರ್ಶನಕ್ಕೆ ಅವಸರದಲ್ಲಿ ಬಂದವರೂ ಭೀಮಾ ಹೊಳೆಯ ದಂಡೆಯಲ್ಲಿ ಅವನ ಮೇಳದ ಎದುರು ಕೂತುಬಿಡುತ್ತಿದ್ದರು. ಅವನು ಮುಂದೆ, ದಮ್ಮಡಿ ತಾಳ ಹಿಡಿದ ಮೇಳದವರು ಹಿಂದೆ. ಎಲ್ಲರೂ ಮೊಬೈಲು ಎತ್ತಿ ಹಿಡಿಯುವವರೇ. ಆದರೆ ಆ ಮೊಬೈಲುಗಳಲ್ಲಿ ಸಿಕ್ಕಿದ್ದೇನು? ದಮ್ಮಡಿಯ ಬಡಿತ, ಯಾರದೋ ಕೂಸಿನ ಅಳು, ಪಕ್ಕದವನ ಕೆಮ್ಮು, ಇವುಗಳ ಕೆಳಗೆಲ್ಲೋ ಮುಳುಗಿಹೋದ ಜಗದೇವಪ್ಪ. ಅವನ ದನಿ ಚೊಕ್ಕವಾಗಿ, ಅದೊಂದೇ ಆಗಿ ಎಲ್ಲಿಯೂ ಇರಲಿಲ್ಲ. ತಿಂಗಳು ಮುಗಿದ ಮೇಲೆ ಇನ್ನೆಲ್ಲಿಯೂ ಇರುವಂತಿರಲಿಲ್ಲ.

ವಿದ್ಯಾವತಿ ಮನೆಯಲ್ಲೇ ಕೂತು ಲಗ್ನದ ವಿಡಿಯೋ ಜೋಡಿಸುವ ಕೆಲಸ ಮಾಡುತ್ತಿದ್ದಳು. ಅಫಜಲಪುರದ ಕಲ್ಯಾಣಕುಮಾರ ಲಗ್ನಗಳಿಗೆ ಹೋಗಿ ಶೂಟಿಂಗ್ ಮಾಡಿ ಕಳಿಸುತ್ತಿದ್ದ, ಇವಳು ಅದನ್ನು ಕತ್ತರಿಸಿ, ಹಾಡು ಸೇರಿಸಿ ಒಪ್ಪ ಮಾಡುತ್ತಿದ್ದಳು. ಹಾಗಾಗಿ ಒಳ್ಳೆಯದೊಂದು ಮೈಕು ಅವಳ ಹತ್ತಿರವಿತ್ತು. ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ದಾಟಿಸುವ ಸಣ್ಣ ಡಬ್ಬಿಯೂ ಇತ್ತು. ದವಾಖಾನೆಯಿಂದ ಬಂದ ಮರುದಿನ ಬೆಳಿಗ್ಗೆಯೇ ಅಪ್ಪನನ್ನು ಮುಂದೆ ಕೂಡಿಸಿಕೊಂಡಳು. ಅವನು ಎರಡು ಸಾಲು ಹಾಡಿದ. ಕೇಳಿ ನೋಡಿದರೆ ಬಾಣಲೆಯಲ್ಲಿ ಜೋಳದ ಅಳ್ಳು ಹುರಿದ ಹಾಗೆ ಪಟಪಟ ಪಟಪಟ. ಲ್ಯಾಪ್‌ಟಾಪು ಅವಳು ಡಿಗ್ರಿ ಓದುವಾಗಿನದು. ವಿಡಿಯೋ ಕೆಲಸವನ್ನಾದರೆ ನಿಂತು ನಿಂತು ಮಾಡಬಹುದು. ದನಿ ಹಿಡಿಯುವಾಗ ಯಂತ್ರ ಒಂದು ರೆಪ್ಪೆ ಬಡಿಯುವಷ್ಟು ತಡೆದರೂ ಅಷ್ಟು ದನಿ ಹೋದಂತೆಯೇ.

ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ ಅಬ್ರಾರನ ರಿಪೇರಿ ಅಂಗಡಿ. ಅವನು ಲ್ಯಾಪ್‌ಟಾಪು ತೆರೆದು, ತಿರುಗಿಸಿ ನೋಡಿ, ನಿಟ್ಟುಸಿರು ಬಿಟ್ಟ.

"ಅಕ್ಕಾ, ಇದಕ್ಕ ವಯಸ್ಸಾಗ್ಯಾದ್ರಿ. ಇದರಾಗಿನ ವಿಂಡೋಸ್ ಹಳೇದು, ಹೊಸಾದು ಹಾಕಿದ್ರ ಇದು ತಡ್ಯಂಗಿಲ್ಲ."

"ಮತ್ತ ಏನ್ ಮಾಡ್ಲಿ ಅಬ್ರಾರ? ಜಲ್ದಿ ಹೇಳು."

"ವಿಂಡೋಸ್ ತಗದು ಲಿನಕ್ಸ್ ಹಾಕಿದ್ರ ಹಗುರಾಗಿ ಓಡ್ತದ. ಆದ್ರ ನೀವು ಕಲ್ತ ಸಾಫ್ಟ್‌ವೇರ್ ಅದರಾಗ ಬರಂಗಿಲ್ಲ, ಬ್ಯಾರೇದು ಕಲೀಬೇಕಾಗ್ತದ. ಇಲ್ಲಂದ್ರ ಎಲ್ಲಾ ತೊಳದು ಇದೇ ವಿಂಡೋಸ್ ಬರೇಮೈಲೆ ಹಾಕ್ತೇನಿ. ನೆಟ್ ಹಚ್ಚಂಗಿಲ್ಲ, ಮತ್ತೊಂದ್ ಕೆಲಸ ಮಾಡಂಗಿಲ್ಲ, ಬರೇ ರೆಕಾರ್ಡಿಂಗ್. ಖರೇ ಹೇಳ್ಬೇಕಂದ್ರ ಹಾಡಿಗೆ ಮ್ಯಾಕ್ ಕಂಪ್ಯೂಟರ್ ಛಲೋ ಅಂತಾರ್ರಿ. ಯಾರ ಕಡಿಯರೆ ಅದ ಏನು?"

"ಈ ಎರಡ್ರಾಗ ಯಾವುದು ಖಾತ್ರಿ?"

ಅಬ್ರಾರ ಸುಳ್ಳು ಹೇಳುವವನಲ್ಲ. "ಖಾತ್ರಿ ಹೇಳಾಕ ಬರಂಗಿಲ್ರಿ ಅಕ್ಕಾ. ಹಾಕಿ ನೋಡ್ಬೇಕು. ಒಂದ್ ಹಾಕಿದ್ರ ಇನ್ನೊಂದ್ ಅಳಿಸಿ ಹೋಗ್ತದ, ಅಷ್ಟ ನೆನಪಿಡ್ರಿ."

ಇಲ್ಲಿಂದ ಶುರುವಾಯಿತು ನೋಡಿ ಆ ಹುಡುಗಿಯ ಪಡಿಪಾಟಲು. ಕೈಯಲ್ಲಿ ಮೊಬೈಲು ಹಿಡಿದು, ಯಾವ ಸಿಸ್ಟಮ್ ಒಳ್ಳೆಯದು ಎಂದು ಹೇಳುವ ವಿಡಿಯೋಗಳನ್ನು ಒಂದಾದ ಮೇಲೊಂದು ನೋಡತೊಡಗಿದಳು. ಲೋಕದಲ್ಲಿ ಕೆಲಸವಿಲ್ಲದವರೆಲ್ಲ ಇದನ್ನೇ ಹೇಳಲು ಕೂತಿದ್ದಾರೋ ಏನೋ. ಒಬ್ಬ ಮ್ಯಾಕ್ ಬಿಟ್ಟರೆ ಗತಿಯಿಲ್ಲ ಎನ್ನುತ್ತಿದ್ದ. ಇನ್ನೊಬ್ಬ ಮ್ಯಾಕ್ ಕೊಳ್ಳುವವರನ್ನು ಹುಚ್ಚರೆನ್ನುತ್ತಿದ್ದ. ಲಿನಕ್ಸಿನವನಂತೂ ಊರು ಬಿಟ್ಟು ಬಂದು ಮಠ ಕಟ್ಟಿದವನ ಹಾಗೆ ಶಾಂತವಾಗಿ ನಗುತ್ತಿದ್ದ. ಅವರಲ್ಲಿ ಒಬ್ಬನಾದರೂ ಕೊಳೆಯುತ್ತಿರುವ ಗಂಟಲಿನ ಎದುರು ಕೂತು ಮಾತಾಡುತ್ತಿರಲಿಲ್ಲ. ವಿದ್ಯಾವತಿ ಕೂತಿದ್ದಳು. ಅಪ್ಪನ ದನಿ ಬೆಳಗಿನ ಹೊತ್ತು ಮಾತ್ರ ದನಿಯಂತಿರುತ್ತಿತ್ತು, ಬಿಸಿಲೇರುವ ಹೊತ್ತಿಗೆ ಮರಳು ಜಾಡಿಸಿದ ಸಪ್ಪಳವಾಗುತ್ತಿತ್ತು. ಯೋಚಿಸುತ್ತ ಕೂತ ಒಂದೊಂದು ಬೆಳಗೂ ವ್ಯರ್ಥ ಎಂಬುದು ಅವಳಿಗೆ ಗೊತ್ತಿತ್ತು. ತಪ್ಪು ಆರಿಸಿದರೆ ಇನ್ನೂ ನಾಲ್ಕು ಬೆಳಗು ವ್ಯರ್ಥ ಎಂಬುದೂ ಗೊತ್ತಿತ್ತು. ಆರಿಸಲೂ ಆಗದೆ, ಆರಿಸದೆ ಇರಲೂ ಆಗದೆ ಕೈಕಾಲು ಆಡದಂತಾಗಿ ಕೂತುಬಿಡುತ್ತಿದ್ದಳು.

"ಯಾವಾಗ ನೋಡಿದ್ರೂ ಏನ್ ಹುಡುಕಾಕತ್ತಿ ಬೇ?" ಎಂದು ಅಪ್ಪ ಒಮ್ಮೆ ಕೇಳಿದ.

"ಸಿಸ್ಟಮ್ ಹುಡುಕಾಕತ್ತೇನಿ ಅಪ್ಪಾ. ನಿನ್ನ ದನಿ ಹಿಡಿಯಾಕ."

"ಸಿಕ್ತೇನು?"

ಅವಳು ಮುಂದಿನ ವಿಡಿಯೋ ಒತ್ತಿದಳು.

ಕಲ್ಯಾಣಕುಮಾರನ ಹತ್ತಿರ ಮ್ಯಾಕ್ ಇತ್ತು. ಫೋನು ಮಾಡಿದಳು.

"ತಂಗಿ, ತಲಿ ಕೆಡಿಸ್ಕೋಬ್ಯಾಡ, ನನ್ನ ಮ್ಯಾಕಿನಾಗ ಮಾಡು," ಎಂದ ಅವನು. "ಆದ್ರ ಕೈಗೆ ಕೊಡಾಕ ಬರಂಗಿಲ್ಲ ನೋಡು, ಎಲ್ಲಾ ಲಗ್ನ ಅದರಾಗೇ ಕುಂತಾವ. ಅಪ್ಪಾರನ್ನ ಇಲ್ಲಿಗೇ ಕರ್ಕೊಂಡ್ ಬಾ. ನನ್ನ ಖೋಲಿ ಬಂದ್ ಮಾಡಿ ಕೊಡ್ತೇನಿ, ಒಂದ್ ನೊಣಾ ಸೈತ ಬರಂಗಿಲ್ಲ."

ಸರಸಂಬಾದಿಂದ ಆಳಂದ, ಆಳಂದದಿಂದ ಅಫಜಲಪುರ. ರಸ್ತೆ ಅಗೆದು ಹಾಕಿದ್ದರು. ಬಸ್ಸಿನ ಕಿಟಕಿಯ ಗಾಜು ಮೇಲೇರಲಿಲ್ಲ. ಗುರುಶಾಂತಮ್ಮ ಗಂಡನ ಮೂಗು ಬಾಯಿಗೆ ಒದ್ದೆ ಟವೆಲು ಕಟ್ಟಿ, ಧೂಳಿನ ಕಡೆಗೆ ತಾನು ಕೂತಳು. ಕಲ್ಯಾಣಕುಮಾರ ಮಾತಿಗೆ ತಪ್ಪಲಿಲ್ಲ. ಖೋಲಿ ಸಿದ್ಧವಿತ್ತು, ಮ್ಯಾಕು ಸಿದ್ಧವಿತ್ತು, ಮೈಕು ಹಚ್ಚಿದ ಕೂಡಲೇ ಪರದೆಯ ಮೇಲೆ ದನಿಯ ಹಸಿರು ಗೆರೆ ಹೂವಿನಂತೆ ಅರಳಿತು. ಒಂದು ಪಟಪಟವಿಲ್ಲ. ವಿದ್ಯಾವತಿಯ ಕಣ್ಣಲ್ಲಿ ನೀರು ಬಂತು. ಜಗದೇವಪ್ಪ ನೀರು ಕುಡಿದು, ಶರಣು ಮಾಡಿ, ಬಾಯಿ ತೆರೆದ. ಗಾಳಿ ಬಂತು. ಮತ್ತೆ ತೆರೆದ. ಕೆಮ್ಮು ಬಂತು, ಕೆಮ್ಮಿನೊಳಗೆ ಟವೆಲಿನ ಮೇಲೆ ಕೆಂಪು ಬಂತು. ಬಿಸಿನೀರು ಕೊಟ್ಟರು, ಮಲಗಿಸಿದರು, ಸಂಜೆಯ ತನಕ ಕಾದರು. ಗೋಡೆಗೆ ಒರಗಿ ಕೂತ ಅಪ್ಪ, ಯಾರದೋ ಮನೆಯ ಗಡಿಗೆ ಒಡೆದು ಬಂದವನ ಹಾಗೆ, "ಮಾಫ್ ಮಾಡ್ರಿ" ಎಂದು ಕಲ್ಯಾಣಕುಮಾರನಿಗೆ ಕೈ ಮುಗಿದ. ಕಲ್ಯಾಣಕುಮಾರ ಮುಖ ಆ ಕಡೆ ತಿರುಗಿಸಿಕೊಂಡು ಸುಮ್ಮನೆ ಮೈಕಿನ ವಾಯರು ಸುತ್ತಿದ.

ಆ ಧೂಳಿನ ದಂಡವಾಗಿ ಮುಂದಿನ ಎಷ್ಟೋ ಬೆಳಗು ದನಿ ಏಳಲೇ ಇಲ್ಲ. ವಿದ್ಯಾವತಿ ಎದ್ದ ಕೂಡಲೇ ಅಪ್ಪನ ಹಾಸಿಗೆಯ ಹತ್ತಿರ ಹೋಗಿ, "ಅಪ್ಪಾ, ಒಂದ್ ಸಲ ಹೂಂ ಅನ್ನು" ಎನ್ನುತ್ತಿದ್ದಳು. ಆ ಹೂಂ ಕೇಳಿಯೇ ಅವಳ ದಿನದ ಹಣೆಬರಹ ತೀರ್ಮಾನವಾಗುತ್ತಿತ್ತು. ನಾನೇ ಕೊಂದೆ, ಬಸ್ಸಿನಲ್ಲಿ ಹೊತ್ತೊಯ್ದು ಉಳಿದಿದ್ದನ್ನೂ ಕೊಂದೆ ಎಂದು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತಳು. ಆ ಹೊತ್ತಿನಲ್ಲಿ ಅವಳು ಲಿನಕ್ಸ್ ಆರಿಸಿದಳು. ಯಾಕೆಂದು ಕೇಳಿದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಹಳೆಯದು ಕೈಕೊಟ್ಟಿದೆ, ಹೊಸದು ಇನ್ನೂ ಕೈಕೊಟ್ಟಿಲ್ಲ, ಅಷ್ಟೇ ಲೆಕ್ಕ.

ಅಬ್ರಾರ ಹಾಕಿಕೊಟ್ಟ. ಹಳೆಯ ಲ್ಯಾಪ್‌ಟಾಪು ಕಾಯಿಲೆಯಿಂದ ಎದ್ದವರಂತೆ ಹಗುರಾಗಿ ನಡೆಯಿತು. ಹೊಸ ಸಾಫ್ಟ್‌ವೇರಿನ ಎದುರು ಅವಳು ಊಟ ಬಿಟ್ಟು ಕೂತು, ಎಲ್ಲಿ ಒತ್ತಿದರೆ ಏನಾಗುತ್ತದೆ ಎಂದು ಕಲಿತಳು. ಕಲಿತೆನೆಂದುಕೊಂಡಳು. ಮರುದಿನ ಬೆಳಿಗ್ಗೆ ಅಪ್ಪನ ಹೂಂ ಗಟ್ಟಿಯಾಗಿ ಬಂತು. ಓಡಿಹೋಗಿ ಒಳಖೋಲಿಯ ಗೋಡೆಗೆಲ್ಲ ಕೌದಿ ಕಟ್ಟಿದಳು, ಫ್ಯಾನು ನಿಲ್ಲಿಸಿದಳು, ಕೋಳಿಗಳನ್ನು ಆಚೆ ಅಟ್ಟಿದಳು. ಜಗದೇವಪ್ಪ ಕಣ್ಣು ಮುಚ್ಚಿ ಹಾಡಿದ. ಪರದೆಯ ಮೇಲೆ ಗೆರೆ ಏಳುತ್ತಿತ್ತು, ಇಳಿಯುತ್ತಿತ್ತು. ಬಿಸಿಲು ಬಾಗಿಲಿಗೆ ಬರುವ ತನಕ ಹಾಡಿ, ಇನ್ನು ಆಗದು ಎಂದು ಕೈ ಎತ್ತಿದ.

ಅವಳು ಕೇಳಿ ನೋಡಿದಳು. ಲ್ಯಾಪ್‌ಟಾಪಿನ ಹೊಟ್ಟೆಯೊಳಗಿನ ಫ್ಯಾನಿನ ಗುಂಯ್‌ಗುಟ್ಟುವಿಕೆ, ಅದರಾಚೆ ಎಲ್ಲೋ ಬಾವಿಯೊಳಗಿಂದ ಕೂಗಿದ ಹಾಗೆ ಅಪ್ಪ. ದನಿಯನ್ನು ಯಾವ ಮೈಕಿನಿಂದ ತಗೊಳ್ಳಬೇಕೆಂದು ಆರಿಸುವ ಜಾಗ ಒಂದಿತ್ತು. ಅಲ್ಲಿ ಅವಳು ಡಬ್ಬಿಯನ್ನು ಆರಿಸಿರಲಿಲ್ಲ. ಲ್ಯಾಪ್‌ಟಾಪು ತನ್ನದೇ ಮೂತಿಯ ಗುಬ್ಬಿಕಣ್ಣಿನಷ್ಟು ಮೈಕಿನಿಂದ ತೋಚಿದಷ್ಟು ಹಿಡಿದುಕೊಂಡಿತ್ತು.

"ಬಂತೇನು?" ಎಂದ ಅಪ್ಪ, ಪಿಸುದನಿಯಲ್ಲಿ.

ಸುಳ್ಳು ಹೇಳಲು ಬಾಯಿ ತೆರೆದಳು, ಆಗಲಿಲ್ಲ. "ಇಲ್ಲಪ್ಪಾ. ನಾನೇ ತಪ್ಪು ಮಾಡೇನಿ," ಎಂದು ನೆಲಕ್ಕೆ ಕೂತು ಗಳಗಳ ಅತ್ತಳು.

ಅವನು ಅವಳ ತಲೆಯ ಮೇಲೆ ಕೈಯಿಟ್ಟ. "ಆಗವಲ್ದ್ಯಾಕ, ಬಿಡು. ಮತ್ತ ಹಾಡ್ತೇನಿ ತಗೋ."

ಹಾಡುತ್ತೇನೆಂದು ಎಷ್ಟು ಸುಲಭವಾಗಿ ಅಂದುಬಿಟ್ಟ! ಆ ಮನುಷ್ಯನಿಗೆ ನುಂಗಿದ ಉಗುಳು ಮುಳ್ಳಾಗುತ್ತಿತ್ತು.

ವಿದ್ಯಾವತಿ ಅದೇ ಮಧ್ಯಾಹ್ನ ಆಳಂದಕ್ಕೆ ಓಡಿದಳು. ಕೂದಲು ಕೆದರಿ, ಕಣ್ಣು ಊದಿ, ಹುಚ್ಚಿಯಂತಾಗಿದ್ದಳು. "ಇದನ್ನ ತಗದು ಹಾಕು ಅಬ್ರಾರ. ಹಳೇ ವಿಂಡೋಸ್ ಹಾಕು, ಬರೇಮೈಲೆ ಅಂದಿದ್ಯಲ್ಲಾ, ಅದು."

"ಅಕ್ಕಾ, ಲಿನಕ್ಸಿಂದು ಏನೂ ತಪ್ಪಿಲ್ರಿ. ಒಂದ್ ಕಡೆ ಡಬ್ಬಿ ಹೆಸರು ಆರಿಸಿದ್ರ ಆಯ್ತು, ತೋರಸ್ತೇನಿ ಬರ್ರಿ..."

"ತಪ್ಪು ಯಾರದರೆ ಇರ್ಲಿ! ನನಗ ಗೊತ್ತಿದ್ದದ್ದು ಹಾಕು. ಇನ್ನೊಂದ್ ಸಲ ಕಲಿಯಾಕ ಅಪ್ಪನ ಕಡೆ ಗಂಟಲಿಲ್ಲ."

ಅಂಗಡಿಯಲ್ಲಿ ಚಾರ್ಜರು ಕೊಳ್ಳಲು ಬಂದವರು ತಿರುಗಿ ನೋಡಿದರು. ಅಬ್ರಾರ ಬೇರೆ ಗಿರಾಕಿಗಳನ್ನು ಆಮೇಲೆ ಬರ್ರಿ ಎಂದು ಕಳಿಸಿ, ಬಾಗಿಲು ಅರ್ಧ ಎಳೆದು, ಕೂತು ಹಾಕಿದ. ರೆಕಾರ್ಡಿಂಗಿನ ಸಾಫ್ಟ್‌ವೇರ್ ಬಿಟ್ಟರೆ ಇನ್ನೇನನ್ನೂ ಅದರಲ್ಲಿ ಇರಗೊಡಲಿಲ್ಲ. ತಾನೇ ಮೈಕಿನ ಮುಂದೆ ಕೂತು ಹಲೋ ಹಲೋ ಎಂದು ಅರ್ಧ ತಾಸು ಮಾತಾಡಿ ಕೇಳಿಸಿದ. ಚೊಕ್ಕ ಬಂದಿತ್ತು. ಮೊದಲೇ ಇದನ್ನು ಮಾಡಿದ್ದರೆ ಎಂಬ ಮಾತು ಇಬ್ಬರ ಬಾಯಿಗೂ ಬಂತು. ಅವಳು ಲ್ಯಾಪ್‌ಟಾಪು ಎತ್ತಿಕೊಂಡು ಬಸ್ಸಿಗೆ ಓಡಿದಳು.

ದಾಖಲಾಗುವ ದಿನ ಹತ್ತಿರ ಬಂದಿತ್ತು. ದನಿ ಒಂದು ಬೆಳಿಗ್ಗೆ ಮತ್ತೆ ಎದ್ದಿತು. ಕೌದಿ ಕಟ್ಟುತ್ತಿದ್ದಾಗ ಮೇಳದ ಭಗವಂತ ಬಾಗಿಲಿಗೆ ಬಂದು ನಿಂತ, ಕೈಯಲ್ಲಿ ತಾಳ. ಅವನ ಹಿಂದೆ ಉಳಿದವರು. ಭಗವಂತ ಬುದ್ಧವಿಹಾರದ ಓಣಿಯವನು. ಹುಡುಗರಾಗಿದ್ದಾಗಿನಿಂದ ಜಗದೇವಪ್ಪನ ಹಿಂದೆ ಕೂತು ಹಾಡಿದವನು.

"ವಿದ್ಯಾ, ಇದು ಕಡೀ ಸಲ ಅಂತ ಬೇ. ಹಿಂದ ಕುಂದರ್ತೇವು. ಗದ್ಲಾ ಮಾಡಂಗಿಲ್ಲ."

"ಬ್ಯಾಡ ಕಾಕಾ." ಅವಳಿಗೆ ಮಾತಾಡಲೂ ಪುರಸೊತ್ತಿರಲಿಲ್ಲ. "ನನಗ ಅಪ್ಪನ ದನಿ ಒಂದೇ ಬೇಕು. ನಿಮ್ಮ ದನಿ ಅದರಾಗ ಬಿತ್ತಂದ್ರ ಮತ್ತ ಬ್ಯಾರೆ ಮಾಡಾಕ ಬರಂಗಿಲ್ಲ. ಕೈ ಮುಗೀತೇನಿ, ಈ ನಾಕು ದಿನ ಯಾರೂ ಬರಬ್ಯಾಡ್ರಿ."

ಭಗವಂತ ಒಳಗೆ ಇಣುಕಿ ಜಗದೇವಪ್ಪನ ಕಡೆ ನೋಡಿದ. ಜಗದೇವಪ್ಪ ಮಗಳ ಕಡೆ ನೋಡಿ, ಆಯಿತು ಹೋಗು ಎಂಬಂತೆ ಕಣ್ಣು ಮುಚ್ಚಿ ತೆರೆದ. ಮೇಳದವರು ಚಪ್ಪಲಿ ಮೆಟ್ಟಿಕೊಂಡು ಹೊಲಗಳ ಕಡೆ ಹೋದರು. ಅವರನ್ನು ಅಟ್ಟಿದ್ದಕ್ಕೆ ಆಗ ಅವಳಿಗೆ ಎಳ್ಳಷ್ಟೂ ಬೇಸರವಾಗಲಿಲ್ಲ.

ಆ ಬೆಳಗು, ಅದರ ಮರುಬೆಳಗು, ಮತ್ತೊಂದು. ದೇವರು ದೊಡ್ಡವನು ಎಂದು ಗುರುಶಾಂತಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವುದನ್ನೂ ನಿಲ್ಲಿಸಿ ಕೂತಿದ್ದಳು. ಲ್ಯಾಪ್‌ಟಾಪು ಒಮ್ಮೆಯೂ ತಡವರಿಸಲಿಲ್ಲ. ಜಗದೇವಪ್ಪ ಒಂದೊಂದು ಸಾಲು ಹಾಡುತ್ತಿದ್ದ, ನಿಲ್ಲುತ್ತಿದ್ದ, ತೊಡೆಯ ಮೇಲೆ ಕೈ ತಾಳ ಹಾಕುತ್ತಲೇ ಇರುತ್ತಿತ್ತು, ಮುಂದಿನ ಸಾಲು ಎತ್ತುತ್ತಿದ್ದ. ವಿದ್ಯಾವತಿ ಅವನ ಮುಖ ನೋಡುತ್ತಿರಲಿಲ್ಲ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಪರದೆಯ ಮೇಲಿನ ಹಸಿರು ಗೆರೆ ನೋಡುತ್ತಿದ್ದಳು. ಗೆರೆ ಕೆಂಪಿಗೆ ಹೋಗದಿರಲಿ, ಎಲ್ಲಿಯೂ ತುಂಡಾಗದಿರಲಿ. ಅವನು ನಿಂತಾಗ ಗೆರೆ ಪೂರ್ತಿ ಮಲಗುತ್ತಿತ್ತು. ಆ ಮೌನದಲ್ಲಿ ಸುಯ್ ಎಂಬ ಸಪ್ಪಳವೂ ಇಲ್ಲವೆಂದು ಅವಳು ಹಿಗ್ಗಿದಳು. ಎಷ್ಟು ಚೊಕ್ಕ ಮೌನ! ಕೊನೆಯ ದಿನ ಅಪ್ಪ ಗಂಟಲು ಮುಟ್ಟಿಕೊಂಡು, "ಆಯ್ತು ಬೇ, ಇದ್ದದ್ದೆಲ್ಲಾ ಕೊಟ್ಟೇನಿ," ಎಂದ. ಅವಳು ಎಲ್ಲವನ್ನೂ ಎರಡೆರಡು ಕಡೆ ಕಾಪಿ ಮಾಡಿ, ಕೇಳಿ ನೋಡಿದಳು. ಎಲ್ಲ ಬಂದಿತ್ತು. ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು.

ಆಪರೇಷನ್ ಆಯಿತು. ಜಗದೇವಪ್ಪನ ಕುತ್ತಿಗೆಯಲ್ಲಿ ಒಂದು ತೂತು, ಅದರಲ್ಲಿ ನಳಿಗೆ, ನಳಿಗೆಯಿಂದ ಉಸಿರು. ಕಣ್ಣು ತೆರೆದವನು ಏನೋ ಹೇಳಲು ತುಟಿ ಆಡಿಸಿದ. ಏನೂ ಕೇಳಿಸದಿದ್ದಾಗ ಅವನ ಕಣ್ಣಿನಲ್ಲಿ ಬಂದ ಗಾಬರಿಯನ್ನು ವಿದ್ಯಾವತಿಯಿಂದ ನೋಡಲಾಗಲಿಲ್ಲ. ಮೊದಲೇ ಗೊತ್ತಿದ್ದರೂ ಗೊತ್ತಿರಲಿಲ್ಲ ಅನ್ನುವಂಥ ಗಾಬರಿ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಅವ್ವ ಕುಸಿದು ಕೂತಿದ್ದಳು. ಅವಳಿಗೆ ಸಮಾಧಾನ ಮಾಡಲೆಂದು ವಿದ್ಯಾವತಿ ಇಯರ್‌ಫೋನು ಹಚ್ಚಿ ಮೊಬೈಲಿನಲ್ಲಿ ಹಾಡು ಹಾಕಿದಳು. "ಕೇಳು ಅವ್ವಾ. ಅಪ್ಪ ಎಲ್ಲೂ ಹೋಗಿಲ್ಲ."

ಗುರುಶಾಂತಮ್ಮ ಕೇಳಿದಳು. ಕಣ್ಣೀರು ಸುರಿಯಿತು. ಆಮೇಲೆ ಹುಬ್ಬು ಗಂಟಿಕ್ಕಿತು. ಇನ್ನೊಂದು ಹಾಡು ಹಾಕು ಎಂದಳು, ಮತ್ತೊಂದು ಹಾಕು ಎಂದಳು. ಕಡೆಗೆ ಕಿವಿಯಿಂದ ಅದನ್ನು ತೆಗೆದು ಮಗಳ ಕೈಯಲ್ಲಿಟ್ಟಳು.

"ಇದೇನ್ ಬೇ ವಿದ್ಯಾ, ಬರೇ ಸವಾಲೇ ಅದಾವಲ್ಲ. ಜವಾಬು ಎಲ್ಲಿ ಅದಾವ?"

ವಿದ್ಯಾವತಿಗೆ ಅರ್ಥವಾಗಲಿಲ್ಲ. ತನ್ನ ಕಿವಿಗೆ ಹಚ್ಚಿಕೊಂಡಳು. ಅಪ್ಪನ ದನಿ ಬಂತು: ಬಿತ್ತಿದವ ಎಲ್ಲಿ ಹ್ವಾದ ಹೇಳೋ ಗೆಳೆಯಾ. ಆಮೇಲೆ ಏನೂ ಇಲ್ಲ. ಆಮೇಲೆ ಇನ್ನೊಂದು ಪ್ರಶ್ನೆ. ಆಮೇಲೆ ಏನೂ ಇಲ್ಲ.

ಜಗದೇವಪ್ಪನ ಮೇಳದ ಪದ್ಧತಿಯೇ ಹಾಗೆ. ಮುಂದೆ ಕೂತವನು ಕೇಳಬೇಕು, ಹಿಂದೆ ಕೂತವರು ಹೇಳಬೇಕು. ಸವಾಲು ಅವನದು, ಜವಾಬು ಮೇಳದ್ದು. ಮುಂದಿನವನು ಜವಾಬಿಗೆ ಬಾಯಿ ಹಾಕಿದರೆ ಮೇಳಕ್ಕೆ ಅವಮಾನ. ಹಾಗಾಗಿ ಜಗದೇವಪ್ಪ ಹೊಲದಲ್ಲಿ ಒಬ್ಬನೇ ಇದ್ದಾಗಲೂ ತನ್ನ ಅರ್ಧ ಹಾಡಿ, ಮೇಳದವರ ಅರ್ಧಕ್ಕೆ ಸುಮ್ಮನಿದ್ದು, ಮುಂದಕ್ಕೆ ಹೋಗುತ್ತಿದ್ದ. ವಿದ್ಯಾವತಿ ತೊಟ್ಟಿಲಿನಿಂದ ಕೇಳಿದ ಹಾಡುಗಳು ಇವು. ಅಪ್ಪ ನಿಂತ ಕಡೆಯಲ್ಲೆಲ್ಲ ಅವಳ ತಲೆಯೊಳಗೆ ಜವಾಬು ತಾನಾಗಿ ಕೇಳಿಸುತ್ತಿತ್ತು. ರೆಕಾರ್ಡ್ ಮಾಡುವಾಗಲೂ ಕೇಳಿಸಿತ್ತು, ಆಮೇಲೆ ಪರೀಕ್ಷೆ ಮಾಡಿ ನೋಡಿದಾಗಲೂ ಕೇಳಿಸಿತ್ತು. ಯಂತ್ರದಲ್ಲಿ ಅದಿಲ್ಲ ಎಂಬುದು ಅವಳ ಕಿವಿಗೆ ಬೀಳಲೇ ಇಲ್ಲ. ಊರ ಹೊರಗಿನವರು ಯಾರಾದರೂ ಆಗಿದ್ದರೆ ಮೊದಲ ಹಾಡಿಗೇ, ಯಾಕ್ರೀ ಅರ್ಧಕ್ಕೆ ನಿಲ್ಲಿಸಿದಿರಿ ಎಂದು ಕೇಳಿರುತ್ತಿದ್ದರು. ಮನೆಯ ಮಗಳಿಗೆ ತಿಳಿಯಲಿಲ್ಲ.

ಮೂರು ಸಿಸ್ಟಮಿನ ಹಿಂದೆ ಓಡಿದಳು, ಹಾಡಿನ ಹತ್ತಿರ ಕೂಡಲಿಲ್ಲ. ಜವಾಬು ಹೇಳುವವರು ತಾಳ ಹಿಡಿದು ಬಾಗಿಲಿಗೇ ಬಂದಿದ್ದರು, ಕೈ ಮುಗಿದು ಅಟ್ಟಿದ್ದಳು. ಈಗ ದವಾಖಾನೆಯ ಮೆಟ್ಟಿಲ ಮೇಲೆ ಕೂತು ಅಬ್ರಾರನಿಗೆ ಫೋನು ಹಚ್ಚಿದಳು. ಯಾವುದಾದರೂ ಸಿಸ್ಟಮಿನಲ್ಲಿ, ಯಾವುದಾದರೂ ಸಾಫ್ಟ್‌ವೇರಿನಲ್ಲಿ, ಮೇಳದ ಜೊತೆ ಹಾಡಿದ ಹಾಗೆ ಮಾಡಲು ಬರುತ್ತದೆಯೇ? ಅಪ್ಪನ ದನಿಯಲ್ಲೇ ಜವಾಬನ್ನೂ ಹುಟ್ಟಿಸಲು ಬರುತ್ತದೆಯೇ?

"ಬರ್ತದಂತಾರ್ರಿ ಅಕ್ಕಾ," ಎಂದ ಅಬ್ರಾರ, ತಡೆದು ತಡೆದು. "ಆದ್ರ ಕಾಕಾ ಯಾವತ್ತೂ ಅನ್ನದ ಮಾತು ಅವರ ಬಾಯಾಗ ಇಟ್ಟಂಗ ಆಗ್ತದ. ನಿಮಗ ಅದು ಬೇಕೇನ್ರಿ?"

ಬೇಡವಾಗಿತ್ತು. ಕಲ್ಯಾಣಕುಮಾರ, ಖಾಲಿ ಜಾಗ ಕತ್ತರಿಸಿ ಸಾಲುಗಳನ್ನು ಕೂಡಿಸಿಬಿಡು ತಂಗಿ ಎಂದ. ಅದನ್ನೂ ಮಾಡಿದಳು. ಸವಾಲಿಗೆ ಸವಾಲು ತಾಗಿ, ಅಪ್ಪ ಮುಚ್ಚಿದ ಬಾಗಿಲ ಮುಂದೆ ನಿಂತು ಒಂದೇ ಸಮನೆ ಕೇಳುತ್ತಿರುವವನಂತೆ, ಒಳಗಿನವರು ಯಾರೂ ಓಗೊಡದಂತೆ ಕೇಳಿಸಿತು. ತಡೆಯಲಾರದೆ ಎಲ್ಲವನ್ನೂ ಮತ್ತೆ ಮೊದಲಿದ್ದಂತೆಯೇ ಮಾಡಿಟ್ಟಳು. ಹಾಗೆ ಕತ್ತರಿಸುವಾಗ ಒಂದು ಹಾಡಿನಲ್ಲಿ ಖಾಲಿ ಜಾಗಗಳು ಉಳಿದ ಹಾಡುಗಳಿಗಿಂತ ಉದ್ದವಿರುವುದನ್ನು ನೋಡಿದ್ದಳು. ಅಲ್ಲಿ ಅಪ್ಪನಿಗೆ ನೋವು ಹೆಚ್ಚಾಗಿರಬೇಕು, ಉಗುಳು ನುಂಗಲು ನಿಂತಿರಬೇಕು ಎಂದುಕೊಂಡಳು. ತಾನು ಅದನ್ನೂ ನೋಡದೆ ಗೆರೆ ನೋಡುತ್ತಿದ್ದೆ ಎಂದು ತನ್ನನ್ನೇ ಶಪಿಸಿದಳು.

ಊರಿಗೆ ಕರೆತಂದ ಮೇಲಿನ ಸೋಮವಾರ ಸಂಜೆ ಮೇಳದವರು ಕರೆಯದೆಯೇ ಬಂದರು. ಪಡಸಾಲೆಯಲ್ಲಿ ತಮ್ಮ ತಮ್ಮ ಜಾಗದಲ್ಲಿ ಕೂತರು. ಜಗದೇವಪ್ಪ ಕುತ್ತಿಗೆಗೆ ತೆಳುಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿದ್ದ. ಮುಂದಿನ ಜಾಗ ಖಾಲಿ ಇತ್ತು. ಏಕತಾರಿಯನ್ನು ಯಾರೂ ಮುಟ್ಟಲಿಲ್ಲ. ಗುರುಶಾಂತಮ್ಮ ತಂದ ಚಹಾ ಕುಡಿದರು, ಮಳೆಯ ಮಾತಾಡಿದರು, ಅದೂ ಮುಗಿಯಿತು.

"ಮಗಳ, ನೀ ಹಿಡದದ್ದು ಒಂದ್ ಸಲ ಕೇಳಸ್ಬೇ," ಎಂದ ಭಗವಂತ.

"ಕಾಕಾ, ಅದು ಅರ್ಧಾ ಅದ," ಎಂದಳು ವಿದ್ಯಾವತಿ. ತಲೆ ಎತ್ತಲಿಲ್ಲ. "ನಿಮ್ಮನ್ನ ನಾನೇ ಹೊರಗ ಹಾಕೇನಿ. ಕೇಳಬ್ಯಾಡ್ರಿ."

"ಅರ್ಧಾ ಇದ್ರ ಇರ್ಲಿ, ಹಚ್ಚು."

ಅಪ್ಪನ ಕಡೆ ನೋಡಿದಳು. ಅವನು ಹಚ್ಚು ಎಂದು ಕೈ ಮಾಡಿದ. ಲ್ಯಾಪ್‌ಟಾಪನ್ನು ಖಾಲಿ ಜಾಗದಲ್ಲಿಟ್ಟು, ಸ್ಪೀಕರು ಜೋಡಿಸಿ ಒತ್ತಿದಳು. ಒತ್ತಿ, ಮುಖ ಮುಚ್ಚಿಕೊಂಡಳು.

ಬಿತ್ತಿದವ ಎಲ್ಲಿ ಹ್ವಾದ ಹೇಳೋ ಗೆಳೆಯಾ, ಎಂದು ಜಗದೇವಪ್ಪನ ದನಿ ಪಡಸಾಲೆಯಲ್ಲಿ ಎದ್ದಿತು.

ತೆನಿಯೊಳಗ ಕುಂತಾನ ನೋಡೋ ಗೆಳೆಯಾ, ಎಂದು ಮೇಳ ಹೇಳಿತು. ಯಾರೂ ಯಾರಿಗೂ ಹೇಳಿರಲಿಲ್ಲ. ಸವಾಲು ಬಂತು, ಬಾಯಿ ತಾನಾಗಿ ತೆರೆಯಿತು, ಅಷ್ಟೇ. ಅವರು ಮುಗಿಸುವುದಕ್ಕೂ ಮುಂದಿನ ಸವಾಲು ಏಳುವುದಕ್ಕೂ ಸರಿಹೋಯಿತು. ವಿದ್ಯಾವತಿ ಮುಖದಿಂದ ಕೈ ತೆಗೆದಳು. ದಮ್ಮಡಿಯವನು ದಮ್ಮಡಿ ಎತ್ತಿಕೊಂಡ. ಒಂದು ಹಾಡು ಮುಗಿದು ಎರಡನೆಯದು, ಎರಡಾಗಿ ಮೂರನೆಯದು. ಎಲ್ಲಿಯೂ ಇವರು ಓಡಬೇಕಾಗಲಿಲ್ಲ, ಕಾಯಬೇಕಾಗಲಿಲ್ಲ.

ಆಮೇಲೆ ಆ ಉದ್ದ ಜಾಗದ ಹಾಡು ಬಂತು. ಇಲ್ಲಿ ಇವರು ಬೇಗ ಮುಗಿಸುತ್ತಾರೆ, ಆಮೇಲೆ ಅಪ್ಪನ ನೋವು ಎಲ್ಲರ ಮುಂದೆ ಖಾಲಿ ಬೀಳುತ್ತದೆ. ಸವಾಲು ಬಂತು. ಮೇಳ ಜವಾಬು ಹೇಳಿ ನಿಲ್ಲಿಸಿತು. ಭಗವಂತ ಮಾತ್ರ ನಿಲ್ಲಿಸಲಿಲ್ಲ. ಈ ಹಾಡಿನ ಜವಾಬಿನ ಕೊನೆಯ ಮಾತು ಅವನಿಗೆ ಬಹಳ ಪ್ರೀತಿ. ಎಲ್ಲರೂ ಬಿಟ್ಟ ಮೇಲೂ ಒಬ್ಬನೇ ಅದನ್ನು ಎಳೆದು, ಏರಿಸಿ, ಇಳಿಸಿ, ತನಗೆ ತೃಪ್ತಿಯಾದ ಮೇಲೆಯೇ ಕೆಳಗಿಡುತ್ತಿದ್ದ. ಎಷ್ಟೋ ವರ್ಷ ಜಗದೇವಪ್ಪ ಇದಕ್ಕೆ ಅವನನ್ನು ಬೈದಿದ್ದ. ಈಗಲೂ ಎಳೆದ. ಏರಿಸಿದ. ಇಳಿಸಿ ಕೆಳಗಿಟ್ಟ. ಇಟ್ಟ ಕೂಡಲೇ, ನಡುವೆ ಒಂದು ಕೂದಲೆಳೆಯೂ ಹೋಗದ ಹಾಗೆ, ಜಗದೇವಪ್ಪನ ಮುಂದಿನ ಸವಾಲು ಎದ್ದಿತು.

ಮೇಳದವರು ಒಬ್ಬರ ಮುಖ ಒಬ್ಬರು ನೋಡಿದರು. ಕೌದಿ ಕಟ್ಟಿದ ಖೋಲಿಯಲ್ಲಿ, ಮುಳ್ಳು ನುಂಗುತ್ತ, ತಾನೊಬ್ಬನೇ ಕೂತು ಹಾಡಿದಾಗ ಅವನು ಇವರೆಲ್ಲರಿಗೂ ಅವರವರ ಜಾಗ ಬಿಟ್ಟಿದ್ದ. ಭಗವಂತನಿಗೆ ಭಗವಂತನಷ್ಟೇ ಜಾಗ ಬಿಟ್ಟಿದ್ದ.

"ನನ್ನ ಸಲುವಾಗಿ ನಿಂತಾನ ನೋಡ್ರೋ," ಎಂದ ಭಗವಂತ, ಯಾರಿಗೋ. ಸವಾಲು ಮುಗಿದಿತ್ತು. ಉಳಿದವರು ಜವಾಬು ಎತ್ತಿದರು, ಹೇಳಿ ಮುಗಿಸಿದರು. ಭಗವಂತನ ಗಂಟಲು ಕಟ್ಟಿತ್ತು, ದನಿ ಬರಲಿಲ್ಲ. ಅವನದೇ ಜಾಗ ಪಡಸಾಲೆಯಲ್ಲಿ ಖಾಲಿ ತೆರೆದುಕೊಂಡಿತು.

ಗೋಡೆಗೆ ಒರಗಿದ್ದ ಜಗದೇವಪ್ಪ ಮುಂದಕ್ಕೆ ಬಾಗಿ, ಮೊಣಕೈಯಿಂದ ಭಗವಂತನ ಪಕ್ಕೆಗೆ ಜೋರಾಗಿ ತಿವಿದ. ಕಣ್ಣು ಕೆಕ್ಕರಿಸಿ ತುಟಿ ಆಡಿಸಿದ. ಸಪ್ಪಳವಿಲ್ಲದ ಆ ಬೈಗುಳ ಅಲ್ಲಿದ್ದ ಎಲ್ಲರಿಗೂ ಕೇಳಿಸಿತು. ಭಗವಂತ ಅಳುತ್ತ, ತಡವಾಗಿ, ಹೇಗೋ ಆ ಮಾತನ್ನು ಎತ್ತಿ ಎಳೆದ.